ಕೊರಳಪಟ್ಟಿಯ ನಾಲ್ಕು ಪದ

"ನಾಲಿಗೆ ಏನು ಬಾಡಿಗೆಗೆ ಕೊಟ್ಟಿದ್ದೀಯೇನೇ ಮುದುಕಿ? 'ವೆರಿ ಸೇಫ್' ಅನ್ನು. ಬಾಯಿ ಬಿಟ್ಟು ಅನ್ನು!"

ಸೂಪರ್‌ವೈಸರ್ ಕೂಗಿದ ರಭಸಕ್ಕೆ ನಲವತ್ತು ಹೆಂಗಸರು ನಕ್ಕರು. ನಗದಿದ್ದರೆ ಮುಂದಿನ ಸರದಿ ತಮ್ಮದೇ ಎಂದು ಎಲ್ಲರಿಗೂ ಗೊತ್ತಿತ್ತು. ಬೈಸಿಕೊಂಡ ಲೇಬಲಕ್ಕನೂ ನಕ್ಕಳು.

"ವೆರಿ ಸೇಪು, ಸಾರ್."

"ಥೂ! ಕತ್ತೆಗೆ ಕಲಿಸಿದ್ರೆ ಇಷ್ಟೊತ್ತಿಗೆ ಭಾಷಣ ಮಾಡ್ತಿತ್ತು."

ಮಕ್ಕಳು ಮಲಗುವಾಗ ತೊಡುವ ಅಂಗಿಗಳನ್ನು ಹೊಲಿದು ಹಡಗಿಗೆ ಹತ್ತಿಸುವ ಗಾರ್ಮೆಂಟ್ಸ್ ಅದು. ಅಂಗಿಯ ಕೊರಳಪಟ್ಟಿಯ ಒಳಗೆ ಬೆರಳಗಲದ ಬಿಳಿ ಲೇಬಲ್ ಹೊಲಿಯುವುದು ಅವಳ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿ ಮಾಡಿ, ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಲೇಬಲಕ್ಕ ಎಂದರೇ ಅವಳು ತಿರುಗಿ ನೋಡುತ್ತಿದ್ದಳು.

ಅಂಗಿ ಕೊಳ್ಳುವ ಕಂಪನಿಯ ದೊರೆಗಳು ಬರುವವರಿದ್ದರು. ಕಾರ್ಖಾನೆ ಹೇಗಿದೆ, ಕೆಲಸದವರು ಹೇಗಿದ್ದಾರೆ ಎಂದು ಅವರೇ ಬಾಯಿಬಿಟ್ಟು ಕೇಳುತ್ತಾರಂತೆ. ಅದಕ್ಕೇ ಹತ್ತು ದಿನದಿಂದ ಊಟದ ಹೊತ್ತಿನಲ್ಲಿ ಅರ್ಧ ಕತ್ತರಿಸಿ ಇಂಗ್ಲಿಷ್ ಪಾಠ. ಗುಡ್ ಮಾರ್ನಿಂಗ್. ಐ ಆಮ್ ಫೈನ್. ವೆರಿ ಹ್ಯಾಪಿ. ವೆರಿ ಸೇಫ್. ನೋ ಪ್ರಾಬ್ಲಂ. ಥ್ಯಾಂಕ್ ಯೂ. ಕಮ್ ಅಗೇನ್. ಒಟ್ಟು ಏಳು ಮಾತು. ಕಲಿಸಲು ಬಂದ ಮೇಡಂ ಇನ್ನೂ ಚಿಕ್ಕ ವಯಸ್ಸಿನವಳು, ಸೂಪರ್‌ವೈಸರ್ ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದಳು.

"ಮೇಡಂ, ಉತ್ತರ ಆಯ್ತು. ಅವ್ರು ಏನು ಕೇಳ್ತಾರೆ ಅಂತ ಹೇಳ್ಕೊಡಲ್ವಾ?" ಎಂದು ಮೊದಲ ದಿನವೇ ಲೇಬಲಕ್ಕ ಕೇಳಿದ್ದಳು.

ಉತ್ತರ ಬಂದದ್ದು ಸೂಪರ್‌ವೈಸರನಿಂದ. "ಕೇಳೋದು ಅವರ ಕೆಲ್ಸ. ಒದರೋದು ನಿನ್ನ ಕೆಲ್ಸ. ಮುಚ್ಕೊಂಡು ಕೂತ್ಕೋ."

ಅವಳ ತಂಗಿ ಇಸ್ತ್ರಿ ಮೇಜಿನವಳು. ಆ ಮೇಜಿರುವುದು ಹಾಲ್‌ನ ಕೊನೆಯಲ್ಲಿ, ಹಿಂಬಾಗಿಲಿನ ಪಕ್ಕದಲ್ಲಿ. ಬಟ್ಟೆ ಕದ್ದು ಸಾಗಿಸುತ್ತಾರೆಂದು ಆ ಬಾಗಿಲಿಗೆ ಬೀಗ ಜಡಿದು ನಾಲ್ಕು ವರ್ಷವಾಗಿತ್ತು. ಬೀಗದ ಕೈ ಸೂಪರ್‌ವೈಸರನ ಸೊಂಟದಲ್ಲಿ ನೇತಾಡುತ್ತಿತ್ತು. ಹೊರಗೆ ಹೋಗಬೇಕೆಂದರೆ ನಲವತ್ತು ಮಿಷನ್ನು, ಬಟ್ಟೆಯ ಗುಡ್ಡೆಗಳನ್ನು ದಾಟಿ ಮುಂಬಾಗಿಲಿಗೇ ಬರಬೇಕು.

ಕಳೆದ ವಾರ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಚಟಪಟ ಎಂದು ಕಿಡಿ ಕಾರಿ, ಮೇಜಿನ ಮೇಲಿನ ಅಂಗಿಯೊಂದು ಭಗ್ಗೆಂದಿತ್ತು. ತಂಗಿ ಅದನ್ನು ಕಾಲಲ್ಲಿ ತುಳಿದು ಆರಿಸಿ ಕಿರುಚಿಕೊಂಡಳು. ಸೂಪರ್‌ವೈಸರ್ ಓಡಿ ಬಂದವನೇ ಅವಳ ಕೆನ್ನೆಗೆ ಬಾರಿಸಿದ. "ಪೀಸ್ ಸುಟ್ಟಿದ್ದಲ್ದೆ ಊರು ಸೇರಿಸ್ತೀಯೇನೇ ಮುಂಡೆ?"

ಪ್ಲಗ್ಗಿಗೆ ಕರಿ ಟೇಪು ಸುತ್ತಿದರು, ಅಷ್ಟೇ. ಅಂದಿನಿಂದ ಆ ಮೂಲೆಯಲ್ಲಿ ಸೀದ ವಾಸನೆ ಹೋಗಲೇ ಇಲ್ಲ.

"ಅಕ್ಕಾ, ದಿನಾ ಆ ಟೇಪು ಬಿಸಿ ಆಗುತ್ತೆ ಕಣೇ. ಮುಟ್ಟಿ ನೋಡ್ತೀನಿ," ಎಂದಳು ತಂಗಿ. "ಒಂದಿನ ಹತ್ಕೊಂಡ್ರೆ ನಾನು ಎಲ್ಲಿಗೆ ಓಡ್ಲಿ? ಆ ಬೋಳಿಮಗನ ಸೊಂಟಕ್ಕಾ?"

ಅಂದಿನಿಂದ ಮಿಷನ್ ತುಳಿಯುವಾಗಲೂ ಲೇಬಲಕ್ಕನ ಮೂಗು ಆ ಮೂಲೆಯಲ್ಲೇ ಇರುತ್ತಿತ್ತು.

ಪಾಠ ಮುಗಿಯುವ ದಿನ ಸೂಪರ್‌ವೈಸರ್ ಫೋನು ಹಿಡಿದು ಆಚೆ ಹೋದ. ಲೇಬಲಕ್ಕ ಮೇಡಂ ಮುಂದೆ ಒಂದು ಲೇಬಲ್ ಇಟ್ಟಳು.

"ಇದೂ ಇಂಗ್ಲಿಷೇ ಅಲ್ವಾಮ್ಮಾ? ಹನ್ನೊಂದು ವರ್ಷದಿಂದ ಹೊಲಿತಿದ್ದೀನಿ. ಮಗು ಚೆನ್ನಾಗಿರ್ಲಿ, ನೂರು ವರ್ಷ ಬಾಳ್ಲಿ ಅಂತ ಏನೋ ಬರ್ದಿರ್ಬೇಕು ಅಂದ್ಕೊಂಡಿದ್ದೆ. ಒಂದೊಂದು ಹೊಲಿವಾಗ್ಲೂ ನಾನೂ ಮನಸ್ಸಲ್ಲಿ ಹಾಗೇ ಅಂತೀನಿ."

ಮೇಡಂ ನಕ್ಕು ಓದಿದಳು. "ಕೀಪ್ ಅವೇ ಫ್ರಮ್ ಫೈರ್. ಬೆಂಕಿಯಿಂದ ದೂರ ಇಡಿ ಅಂತ. ಈ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತಲ್ವಾ, ಮಗು ಹುಷಾರು ಅಂತ ಎಚ್ಚರಿಕೆ."

ಲೇಬಲಕ್ಕ ಬೆರಳಿಟ್ಟು ಒಂದೊಂದೇ ಪದ ಕೇಳಿ ತಿಳಿದುಕೊಂಡಳು. ಫೈರ್ ಎಂದರೆ ಬೆಂಕಿ. ಅವೇ ಎಂದರೆ ದೂರ. ಹತ್ತು ದಿನ ಉಗಿಸಿಕೊಂಡರೂ ಬಾಯಿಗೆ ಬಾರದಿದ್ದ ಇಂಗ್ಲಿಷು ಈಗ ಒಂದೇ ಸಲಕ್ಕೆ ಬಂತು. ಕಂಡರಿಯದ ಮಕ್ಕಳಿಗೆ ಅವಳ ಕೈಯಿಂದಲೇ ಎಚ್ಚರಿಕೆ ಹೊಲಿಸಿ ಕಳಿಸಿದ್ದರು. ಆ ಮಕ್ಕಳು ಸುಖವಾಗಿರಲಿ, ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆದರೆ ತನ್ನ ತಂಗಿಯನ್ನೂ ಒಬ್ಬ ತಾಯಿ ಹೆತ್ತಿದ್ದಳಲ್ಲ. ಅಂದು ಊಟಕ್ಕೆ ಕೂತಲ್ಲಿ ಆ ನಾಲ್ಕು ಪದ ಒಬ್ಬಳ ಕಿವಿಯಿಂದ ಇನ್ನೊಬ್ಬಳ ಕಿವಿಗೆ ಹೋಯಿತು. ಯಾರೂ ನಗಲಿಲ್ಲ.

ದೊರೆಗಳು ಬರುವ ಬೆಳಗ್ಗೆ ಹಿಂಬಾಗಿಲಿಗೆ ಹಸಿರು ಬಣ್ಣ ಬಿದ್ದಿತ್ತು. ಮೇಲೆ ಹೊರಹೋಗುವ ದಾರಿ ಎಂದು ಇಂಗ್ಲಿಷಿನ ಹೊಸ ಬೋರ್ಡು. ಬೀಗದ ಮೇಲೆ ಅಂದವಾದ ಹೂವಿನ ಪರದೆ.

ಬಂದವರು ಇಬ್ಬರು. ಹಿರಿಯವನು ಬೋರ್ಡಿನ ಫೋಟೋ ತೆಗೆದು ತಲೆದೂಗಿದ. ಸೂಪರ್‌ವೈಸರ್ ಹಲ್ಲು ಕಿರಿಯುತ್ತಾ ಮಿಷನ್ನುಗಳ ಸಾಲಿನತ್ತ ತಿರುಗಿದ.

"ಗುಡ್ ಮಾರ್ನಿಂಗ್" ಎಂಬ ಒಕ್ಕೊರಲು ಬರಲಿಲ್ಲ. ನಲವತ್ತು ಹೆಂಗಸರು ಎದ್ದು ನಿಂತರು. ಪ್ರತಿಯೊಬ್ಬಳ ಏಪ್ರನ್ನಿನ ಎದೆಯ ಮೇಲೂ ಬೆರಳಗಲದ ಬಿಳಿ ಲೇಬಲ್, ಅಂಗಿಗೆ ಹೊಲಿದಷ್ಟೇ ಅಚ್ಚುಕಟ್ಟಾಗಿ.

ಹಿರಿಯವನು ಮೊದಲ ಲೇಬಲ್ ಓದಿ ತಮಾಷೆಯೆಂದು ನಕ್ಕ. ಎರಡನೆಯದನ್ನು ಓದಿದ. ಐದನೆಯವಳ ಹತ್ತಿರ ಬರುವಾಗ ಅವನ ನಗು ಆರಿಹೋಗಿತ್ತು. ಲೇಬಲಕ್ಕನ ಮುಂದೆ ನಿಂತು ಅವನು ಏನೋ ಕೇಳಿದ. ಆ ಪ್ರಶ್ನೆ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ಸೀದಾ ನಡೆದು ಹೋಗಿ ಹೂವಿನ ಪರದೆಯನ್ನು ಹಿಡಿದು ಜಗ್ಗಿದಳು. ಪರದೆ ಕೈಗೆ ಬಂತು. ತುಕ್ಕು ಹಿಡಿದ ಬೀಗ ನೇತಾಡಿತು.

"ಸೇಫ್ಟಿ ಲಾಕ್, ಸರ್, ನೋ ಪ್ರಾಬ್ಲಂ," ಎಂದು ಸೂಪರ್‌ವೈಸರ್ ನಡುವೆ ನುಗ್ಗಿದ. ಬಂದವರಿಬ್ಬರೂ ಗಡಿಯಾರ ನೋಡಿಕೊಂಡು, ತಮ್ಮತಮ್ಮಲ್ಲೇ ಏನೋ ಗೊಣಗಿ, ಒಂದೆರಡು ಸಾಲು ಬರೆದುಕೊಂಡು, ಮುಂಬಾಗಿಲಿನ ಮೆಟ್ಟಿಲಿಳಿದು ಹೋದರು. ಕೆಳಗೆ ಕಾರು ಹೊರಟ ಸದ್ದಾಯಿತು.

ಸೂಪರ್‌ವೈಸರನ ಮುಖ ಕಪ್ಪಿಟ್ಟಿತ್ತು. "ಕಿತ್ತಾಕ್ರೇ ಅದನ್ನ! ಮಿಷನ್ ಹಾಕ್ರೇ ಹಡಬೆಗಳಾ!"

ಒಂದು ಮಿಷನ್ನೂ ತಿರುಗಲಿಲ್ಲ. ಲೇಬಲಕ್ಕ ಅವನ ಮುಂದೆ ಬಂದು ಬಲಗೈ ಚಾಚಿದಳು.

"ಬೀಗದ ಕೈ ಕೊಡಿ, ಸಾರ್."

"ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತೇನೇ?"

"ಗೊತ್ತು. ಕೊಡಿ."

ಅವನು ಸೊಂಟಕ್ಕೆ ಕೈಯೊತ್ತಿ ಹಿಂದೆ ಸರಿದ. ನಲವತ್ತು ಏಪ್ರನ್ನುಗಳು ಹತ್ತಿರ ಬಂದವು. ಅವನ ಬೆನ್ನು ಇಸ್ತ್ರಿ ಮೇಜಿಗೆ ತಾಗಿತು.

"ಅಕ್ಕಾ," ಎಂದಳು ತಂಗಿ, ಮೆಲ್ಲಗೆ. "ಟೇಪು ಹೊಗೆ ಬಿಡ್ತಿದೆ."

ಲೇಬಲಕ್ಕ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.