ಹಸಿರು ವೈರು

ಮಧುವನಹಳ್ಳಿಯ ಶಾಂತಮೂರ್ತಿ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕೆಲಸ ಮುಗಿದರೆ ಅವನಿಗೆ ಇದ್ದದ್ದು ಒಂದೇ ಹುಚ್ಚು, ಆಂಪ್ಲಿಫೈಯರ್ ಕಟ್ಟುವುದು. ಗುಜರಿಯಲ್ಲಿ ಹಳೇ ಟ್ರಾನ್ಸ್‌ಫಾರ್ಮರ್ ಆರಿಸಿ ತರುತ್ತಿದ್ದ, ಬೋರ್ಡಿಗೆ ತಾನೇ ಬೆಸುಗೆ ಹಾಕುತ್ತಿದ್ದ, ಕೊಳ್ಳೇಗಾಲದಲ್ಲಿ ತಗಡು ಬಗ್ಗಿಸಿಕೊಂಡು ಬಂದು ಪೆಟ್ಟಿಗೆ ಮಾಡಿ ಕಪ್ಪು ಬಣ್ಣ ಬಳಿಯುತ್ತಿದ್ದ. ಮಾರುವುದಕ್ಕಲ್ಲ. ಹಾಡು ಕೇಳಿದವರು ಕಣ್ಣು ಮುಚ್ಚಿ ತಲೆದೂಗಿದರೆ ಅವನ ಹೊಟ್ಟೆ ತುಂಬುತ್ತಿತ್ತು. ಮಾಡಿದ್ದೆಲ್ಲ ಮನೆಯಲ್ಲೇ ಇತ್ತು. ಎರಡು ಮಾತ್ರ ಹೊರಗೆ ಹೋಗಿದ್ದವು: ಒಂದು ಯಳಂದೂರಿನ ದೊಡ್ಡಸಿದ್ದಯ್ಯ ಮೇಷ್ಟ್ರಿಗೆ, ಇನ್ನೊಂದು ಹೂಗ್ಯಂನ ಮುತ್ತಯ್ಯನಿಗೆ.

ಮುತ್ತಯ್ಯ ಹನೂರಿನ ಹಾಸ್ಟೆಲಿನಲ್ಲಿ ಅವನ ಜೊತೆ ಓದಿದವನು. ಊರಲ್ಲಿ ಟೀ ಅಂಗಡಿ ಇಟ್ಟಿದ್ದ. ಶಾಂತಮೂರ್ತಿ ಪೆಟ್ಟಿಗೆ ತಂದು ಅಂಗಡಿಯ ಟಿ.ವಿ.ಗೆ ಸೇರಿಸಿದ ದಿನ ಹಾಡು ಚೆನ್ನಾಗಿಯೇ ಬಂತು. ಆದರೆ ಹಾಡಿನ ಅಡಿಯಲ್ಲಿ ಜೇನುಹುಳ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುವ ಸದ್ದು.

"ಲೇ ಮೂರ್ತಿ, ಇದೊಂದ ನಿಲ್ಸ್ಬುಡ್ಲಾ. ಮಿಕ್ಕಿದ್ದೆಲ್ಲ ಚೆಂದಾಗದೆ" ಎಂದ ಮುತ್ತಯ್ಯ.

ಶಾಂತಮೂರ್ತಿ ಮೂರು ಭಾನುವಾರ ಹೂಗ್ಯಂಗೆ ಹೋದ. ಕೆಪಾಸಿಟರ್ ಬದಲಿಸಿದ, ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಕೂರಿಸಿದ. ಸದ್ದು ಜಗ್ಗಲಿಲ್ಲ. ಕೊನೆಗೆ ಪೆಟ್ಟಿಗೆಯ ಒಳಗಿದ್ದ ಹಸಿರು ವೈರನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿದ. ಪೆಟ್ಟಿಗೆಗೆ ಎಲ್ಲಾದರೂ ಕರೆಂಟು ತಾಗಿದರೆ ಅದನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ವೈರು ಅದು. ಕತ್ತರಿಸಿದ ಕೂಡಲೇ ಗುಂಯ್ ನಿಂತಿತು. ಮುತ್ತಯ್ಯ ಟೀ ಸೋಸುತ್ತಿದ್ದ ಕೈಯಲ್ಲೇ ಬಂದು ಗೆಳೆಯನನ್ನು ತಬ್ಬಿಕೊಂಡ. ಏನು ಕತ್ತರಿಸಿದೆ ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಮುಂದಿನ ವಾರ ಬಂದು ಸದ್ದಿನ ಮೂಲ ಹುಡುಕಿ ವೈರನ್ನು ಮತ್ತೆ ಸೇರಿಸಿದರಾಯಿತು ಎಂದುಕೊಂಡ. ಮುಂದಿನ ವಾರ ಬೇರೆ ಕೆಲಸ ಬಂತು. ಆಮೇಲೆ ಮರೆತೇ ಹೋಯಿತು.

ಆಷಾಢದಲ್ಲಿ ಒಂದು ಬೆಳಿಗ್ಗೆ ಮುತ್ತಯ್ಯ ಅಂಗಡಿಯ ನೆಲ ತೊಳೆದು, ಒದ್ದೆ ಕಾಲಲ್ಲೇ ಹೋಗಿ ಹಾಡಿನ ವಾಲ್ಯೂಮ್ ಹೆಚ್ಚಿಸಲು ಕೈ ಇಟ್ಟ. ಹಾಲು ತರಲು ಹೋಗಿದ್ದ ಹೆಂಡತಿ ಚಿಕ್ಕನಿಂಗಮ್ಮ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶಾಂತಮೂರ್ತಿ ಹೋದಾಗ ಪೆಟ್ಟಿಗೆ ಅಂಗಡಿಯ ಬೆಂಚಿನ ಮೇಲಿತ್ತು. ಲೈನ್‌ಮನ್ ಮಾದಸ್ವಾಮಿ ಮುಚ್ಚಳ ಬಿಚ್ಚಿ ನೋಡಿ, "ಇಲಿ ಕಡ್ದದೆ ಕಣ್ರಿ. ವೈರು ತಗಡಿಗೆ ತಾಕ್ಕೊಂಡು ಪೆಟ್ಗೆಗೆಲ್ಲ ಕರೆಂಟ್ ಬಂದ್ಬುಟ್ಟದೆ. ಯಾರೇನ್ ಮಾಡಾಕಾಯ್ತದೆ" ಎಂದ. ನೆರೆದವರೆಲ್ಲ ಇಲಿಯನ್ನು ಬೈದರು, ಹಣೆಬರಹ ಎಂದರು. ಪೆಟ್ಟಿಗೆಯ ಮೂಲೆಯಲ್ಲಿದ್ದ ಟೇಪಿನ ಗಂಟನ್ನು ಯಾರೂ ಗಮನಿಸಲಿಲ್ಲ. ಶಾಂತಮೂರ್ತಿ ಗಮನಿಸಿದ. ಹೆಣಕ್ಕೆ ಹೆಗಲು ಕೊಟ್ಟ, ಮಣ್ಣು ಹಾಕಿದ, ಬಾಯಿ ಬಿಡಲಿಲ್ಲ.

ಹನ್ನೊಂದನೆಯ ದಿನ ಊಟವೆಲ್ಲ ಆದ ಮೇಲೆ ಚಿಕ್ಕನಿಂಗಮ್ಮ ಪೆಟ್ಟಿಗೆಯನ್ನು ತಂದು ಅವನ ಮುಂದೆ ಇಟ್ಟಳು.

"ಅಣ್ಣಾ, ಇದ ರಿಪೇರಿ ಮಾಡ್ಕೊಡಿ. ಅವ್ರು ಮಕ ಒರ್ಸ್ಕೊಳೋ ಟವಲಲ್ಲೇ ಇದ್ನೂವೆ ಒರ್ಸೋರು. ಬಿಸಾಕಕ್ಕೆ ಮನಸ್ ಬರಾಕಿಲ್ಲ."

ಮನೆಗೆ ಒಯ್ದು ಎರಡು ನಿಮಿಷ ಬೆಸುಗೆ ಹಾಕಿದರೆ ಸಾಕಿತ್ತು. ಅವನ ತಪ್ಪು ಭೂಮಿಯ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಮುಚ್ಚಳ ತೆಗೆದು ಬೆರಳಿಟ್ಟು ತೋರಿಸಿದ.

"ಇಲಿ ಕಡಿದ್ರೂ ಅವ್ನು ಸಾಯ್ತಿರ್ಲಿಲ್ಲ, ನಿಂಗವ್ವ. ಈ ಹಸಿರು ವೈರು ಇದ್ದಿದ್ರೆ ಫ್ಯೂಸ್ ಹೋಗಿರೋದು. ಕತ್ತರಿಸ್ದೋನು ನಾನು. ಅವನ್ಗೆ ಹೇಳಿರ್ಲಿಲ್ಲ."

ಅವಳು ಟೇಪಿನ ಗಂಟನ್ನು ಮುಟ್ಟಿ ನೋಡಿದಳು.

"ಯಾಕ್ ಏಳ್ದೆ?" ಎಂದಳು. "ಇಲಿ ಅನ್ಕಂಡು ನಾ ಎಂಗೋ ಒಸಿ ನಿದ್ದೆ ಮಾಡ್ತಿದ್ದೆ. ನಿಂಗೆ ಅಗುರಾಯ್ತು. ನಾ ಏನ್ ಮಾಡ್ಲಿ ಈಗ?"

ಅವನು ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಅವಳ ಮುಂದೆಯೇ ಇಟ್ಟು ಎದ್ದ. ಅವನಿಗೆ ಹಗುರವೇನೂ ಆಗಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವನಿಗೆ ಮೇಷ್ಟ್ರ ಪೆಟ್ಟಿಗೆ ನೆನಪಾಯಿತು. ಗುಂಯ್ ಸದ್ದು ಬಾರದಿರಲೆಂದು ಅದರ ಹಸಿರು ವೈರನ್ನೂ ಹಾಗೆಯೇ ಕತ್ತರಿಸಿದ್ದ. ಮಧುವನಹಳ್ಳಿಯಲ್ಲಿ ಇಳಿಯದೆ ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಯಳಂದೂರಿಗೆ ಹೋದ. ದೊಡ್ಡಸಿದ್ದಯ್ಯ ಮೇಷ್ಟ್ರು ವಚನ ಕೇಳುತ್ತ ಕೂತಿದ್ದರು. ಕೈ ಪೆಟ್ಟಿಗೆಯ ಮೇಲೇ ಇತ್ತು.

"ಕೈ ತೆಗೀರಿ ಸಾ!" ಎಂದು ಕೂಗಿಕೊಂಡು ಪ್ಲಗ್ ಕಿತ್ತ. ನಡೆದದ್ದನ್ನೆಲ್ಲ ನಿಂತೇ ಹೇಳಿದ. ಮೇಷ್ಟ್ರು ಕೇಳಿ ಮುಗಿಸಿ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ನಮ್ಮ ಮೊಮ್ಮಗಳು ಇದರ ಮ್ಯಾಲೆ ತಲೆ ಇಟ್ಕಂಡು ಮಲಗ್ತಾಳಲ್ಲೋ" ಎಂದರು. ಸರಿ ಮಾಡಿಕೊಡುತ್ತೇನೆ ಎಂದರೂ ಕೇಳಲಿಲ್ಲ. "ತಕಂಡೋಗಪ್ಪ. ಮೊದ್ಲು ಆಚೆಗ್ ತಕಂಡೋಗು."

ಶಾಂತಮೂರ್ತಿ ಮನೆಯಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಗುಜರಿಗೆ ಹಾಕಿದ. ಸಂಜೆ ಕೈಗೆ ಕೆಲಸವಿಲ್ಲದೆ ಸುಮ್ಮನೆ ಕೂರುತ್ತಿದ್ದ.

ಒಂದು ತಿಂಗಳಾದ ಮೇಲೆ, ಶಾಕ್ ಹೊಡೆದರೆ ತಾನೇ ಆಫ್ ಆಗುವಂಥ ಸ್ವಿಚ್ಚೊಂದನ್ನು ಕೊಂಡು ಹೂಗ್ಯಂಗೆ ಹೋದ. ಅಂಗಡಿ ತೆರೆದಿತ್ತು. ಚಿಕ್ಕನಿಂಗಮ್ಮ ಇಬ್ಬರಿಗೆ ಟೀ ಕೊಟ್ಟು, ಅವನ ಕಡೆ ತಿರುಗಿದಳು. ಅವನು ಸ್ವಿಚ್ಚನ್ನು ತೋರಿಸಿ, ಇದಿದ್ದರೆ ಇನ್ನು ಯಾರಿಗೂ ಏನೂ ಆಗುವುದಿಲ್ಲ, ಅರ್ಧ ಗಂಟೆಯಲ್ಲಿ ಹಾಕಿಕೊಟ್ಟು ಹೋಗುತ್ತೇನೆ ಎಂದ. ಚೀಲದಿಂದ ಟೆಸ್ಟರ್ ತೆಗೆದ.

"ಬ್ಯಾಡ" ಎಂದಳು. "ಅಲ್ಲಿಡು. ಮಾದಸ್ವಾಮಿ ಕೈಲಿ ಆಕುಸ್ತೀನಿ."

ಅವನು ಟೆಸ್ಟರನ್ನು ಚೀಲಕ್ಕೆ ಹಾಕಿ, ಸ್ವಿಚ್ಚನ್ನು ಬೆಂಚಿನ ಮೇಲೆ ಇಟ್ಟು, ಬಸ್ಸಿಗೆ ಕಾಯಲು ರಸ್ತೆಗೆ ಹೋದ. ಅವಳು ಪಾತ್ರೆಗೆ ಮತ್ತೆ ಹಾಲು ಸುರಿದು ಒಲೆಯ ಉರಿ ದೊಡ್ಡದು ಮಾಡಿದಳು.