ಕ್ಯಾಚರ್ ಹುಡುಗಿಯ ಕರಾರು

"ತೆಗಿ ಆ ಕಾಗದ ನನ್ನ ಕಣ್ಮುಂದಿಂದ," ಎಂದಳು ವರ್ನಾ, ಕಾವಲಿಯ ಮೇಲಿನ ಆಲೂಗಡ್ಡೆ ಮಗುಚುತ್ತಾ. "ಕಾಲೇಜಿನ ಆಟಗಾರರಿಗೆ ನಾನು ಒಂದು ಲೋಟ ಕಾಫೀನೂ ಬಿಟ್ಟಿ ಕೊಡಲ್ಲ."

ಮರಿಸೋಲ್ ಕದಲಲಿಲ್ಲ. ಸಾಫ್ಟ್‌ಬಾಲ್ ತಂಡದ ಕ್ಯಾಚರ್ ಅವಳು. ಎದುರಿನವರು ಎಸೆದದ್ದನ್ನೆಲ್ಲ ಹಿಡಿದು ಅಭ್ಯಾಸ. "ಬಿಟ್ಟಿ ಅಲ್ಲ ಮಿಸ್ ವರ್ನಾ. ನಿಮ್ಮ ಹೋಟ್ಲು ಕಿಟಕೀಲಿ ನನ್ನ ಫೋಟೊ, ಅದಕ್ಕೆ ಬದ್ಲು ಊಟ. ಈಗ ಕಾನೂನೇ ಒಪ್ಪಿದೆ. ಫುಟ್‌ಬಾಲ್ ಹುಡುಗ್ರು ಜಾಹೀರಾತು ಮಾಡಿ ಕಾರೇ ತಗೊಂಡಿದಾರೆ."

"ತಗೊಳ್ಳೋರು ತಗೊಳ್ಳಲಿ. ನಾನು ಒಬ್ಬನ್ನ ಹಾಳು ಮಾಡಿದ್ದೇ ಸಾಕು."

ಕ್ಯಾನ್ಸಸ್‌ನ ಆ ಪುಟ್ಟ ಊರಿನ ಹಳಬರಿಗೆಲ್ಲ ಗೊತ್ತಿದ್ದ ಕಥೆ ಅದು. ಮೂವತ್ತೊಂದು ವರ್ಷದ ಹಿಂದೆ ಡೆಲ್‌ರಾಯ್ ಎಂಬ ಬ್ಯಾಸ್ಕೆಟ್‌ಬಾಲ್ ಹುಡುಗ ಹಸಿದು ಬಂದಾಗ, ವರ್ನಾ ಕೋಳಿ ಹುರಿದು ಬಡಿಸಿ ಕಾಸು ಬೇಡ ಎಂದಿದ್ದಳು. ಯಾರೋ ಪುಣ್ಯಾತ್ಮರು ಚಾಡಿ ಹೇಳಿದರು. ಕಾಲೇಜಿನ ಆಟಗಾರ ಹೊರಗಿನವರಿಂದ ಒಂದು ತುತ್ತನ್ನೂ ಬಿಟ್ಟಿ ತಿನ್ನಬಾರದೆಂಬ ಕಾಲ ಅದು. ಹುಡುಗನನ್ನು ಆ ವರ್ಷ ಆಟಕ್ಕೇ ಇಳಿಸಲಿಲ್ಲ. ಅವನು ಕಾಲೇಜನ್ನೇ ಬಿಟ್ಟು ಹೋದ. ಅಂದಿನಿಂದ ವರ್ನಾ ಮಜ್ಜಿಗೆಯನ್ನೂ ಊದಿ ಕುಡಿಯುವವಳು.

"ಸರಿ ಬಿಡಿ," ಎಂದಳು ಮರಿಸೋಲ್. "ಸೋಮವಾರದಿಂದ ಲಾಂಡ್ರಿ ಕೆಲಸಕ್ಕೆ ಹೋಗ್ತೀನಿ. ಪ್ರಾಕ್ಟೀಸ್ ಹೊತ್ತಿಗೇ ಅಲ್ಲಿ ಪಾಳಿ. ತಂಡ ಬಿಡ್ಬೇಕಾಗುತ್ತೆ. ರೂಮಿನ ಬಾಡಿಗೆ ಕೊಟ್ರೆ ಊಟಕ್ಕೆ ಏನೂ ಉಳಿಯಲ್ಲ."

ವರ್ನಾ ಸಟ್ಟುಗ ಕೆಳಗಿಟ್ಟಳು. ಒಲೆ ಆರಿಸಿ, ಕಾಲೇಜಿನ ಕ್ರೀಡಾ ಕಚೇರಿಗೆ ತಾನೇ ಫೋನು ಮಾಡಿದಳು. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಳು. "ನಾಳೆ ಯಾರಾದ್ರೂ ಬಂದು ಈ ಹುಡುಗೀನ ಹೊರಗೆ ಕೂರಿಸಿದ್ರೆ? ನಿನ್ನ ಹೆಸರು ಹೇಳಪ್ಪ, ಬರ್ಕೋತೀನಿ."

ಆ ಕಡೆಯವನು ನಕ್ಕ. "ಯಾರೂ ಕೂರಿಸಲ್ಲ ಮೇಡಂ. ಕರಾರು ಬರೆದು ನಮಗೊಂದು ಪ್ರತಿ ಕಳಿಸಿ, ಅಷ್ಟೇ."

ಅಷ್ಟೇ! ಈ ಮಾತು ಅಂದೇ ಬಂದಿದ್ದರೆ ಎಂದು ಅವಳಿಗೆ ಅಳು ಬಂತು. ಎದೆ ಹಗುರವೂ ಆಯಿತು. ಏಪ್ರನ್ನಿಗೆ ಕೈ ಒರೆಸಿಕೊಂಡು ಕಾಗದ ಎಳೆದುಕೊಂಡಳು. 'ಆಟಗಾರ್ತಿಗೆ ಕೊಡುವುದು' ಎಂಬಲ್ಲಿ ಖಾಲಿ ಗೆರೆಯಿತ್ತು. ಬಹಳ ಹೊತ್ತು ಯೋಚಿಸಿ, ದಪ್ಪಕ್ಷರದಲ್ಲಿ ಬರೆದಳು: ಹಸಿವಾದಾಗಲೆಲ್ಲ ಊಟ.

ಮರಿಸೋಲ್ ಅದನ್ನು ಎರಡು ಸಲ ಓದಿದಳು. "ನಾನು ಎಷ್ಟು ತಿಂತೀನಿ ಅಂತ ನಿಮಗೆ ಗೊತ್ತಿಲ್ಲ, ಮಿಸ್ ವರ್ನಾ."

"ನೋಡೇಬಿಡೋಣ. ಕೂತ್ಕೋ."

ವರ್ನಾ ಒಲೆ ಮತ್ತೆ ಹೊತ್ತಿಸಿ, ಕಾವಲಿಯ ಮೇಲೆ ನಾಲ್ಕು ಮೊಟ್ಟೆ ಒಡೆದಳು. ಹುಡುಗಿಯತ್ತ ಒಮ್ಮೆ ನೋಡಿ, ಐದನೆಯದಕ್ಕೆ ಕೈ ಹಾಕಿದಳು.