ಮೂರನೇ ಸಾಲಿನ ನಗು

ಜನರನ್ನು ನಗಿಸುವುದೆಂದರೆ ನನಗೆ ಭಯ ಶುರುವಾದದ್ದು ತೊಂಬತ್ತೆಂಟನೇ ಇಸವಿಯ ಆಗಸ್ಟ್ ತಿಂಗಳ ಒಂದು ಭಾನುವಾರ ಸಂಜೆ. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ನನಗೆ ಭಯವಾಗದೇ ಇದ್ದ ಜಾಗವೆಂದರೆ ವೇದಿಕೆ ಒಂದೇ.

ಮದುವೆಯಾಗಿ ಗದಗ ಬಿಟ್ಟು ಬಂದು ಆಗ ಎರಡು ವರ್ಷ. ಬಿಟಿಎಂ ಲೇಔಟಿನಲ್ಲಿ ಮಾಲೀಕರ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ನಾನು, ನನ್ನ ಗಂಡ ಸಂಗಮೇಶ ಬಾಡಿಗೆಗಿದ್ದೆವು. ಅವರು ಒಂದು ಕೊರಿಯರ್ ಕಂಪನಿಯಲ್ಲಿ, ನಾನು ಜಯನಗರದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ. ನನ್ನದು ಫೋನ್ ಎತ್ತುವ ಕೆಲಸ. ಸೇರಿದ ಮೊದಲ ವಾರವೇ ಮ್ಯಾನೇಜರು, "ರಾಜಶ್ರೀ, ಫೋನಲ್ಲಿ ಸ್ವಲ್ಪ ನಮ್ ಥರ ಮಾತಾಡಿ. ಕಸ್ಟಮರ್ಸ್ ನಗ್ತಾರೆ" ಎಂದಿದ್ದರು. ಕಲಿತೆ. ‘ಹೌದ್ರಿ’ ಹೋಗಿ ‘ಹೌದು ಸಾರ್’ ಬಂತು. ಬೆಳಿಗ್ಗೆ ಬಸ್ಸು ಹತ್ತುವಾಗ ಬಿಗಿ ಹಿಡಿದ ನಾಲಿಗೆಯನ್ನು ಸಂಜೆ ಮನೆಯ ಮೆಟ್ಟಿಲು ಹತ್ತಿದ ಮೇಲೆಯೇ ಸಡಿಲ ಬಿಡುತ್ತಿದ್ದೆ.

ಒಂದು ದಿನ ಆಫೀಸಿನ ಫೋನಿನಲ್ಲಿ ನಮ್ಮವ್ವನ ಜೊತೆ ಮಾತಾಡುತ್ತಿದ್ದೆ. ಟಿಕೆಟ್ ಮಾಡಿಸಲು ಬಂದಿದ್ದ ಹಿರಿಯರೊಬ್ಬರು ಕಿವಿ ಕೊಟ್ಟು ಕೇಳುತ್ತ ನಿಂತುಬಿಟ್ಟಿದ್ದರು. ನಾನು ನಾಚಿ ಫೋನ್ ಇಟ್ಟೆ. "ಅಮ್ಮಾ, ಈ ಮಾತನ್ನ ಹಿಂಗೇ ಸ್ಟೇಜ್ ಮೇಲೆ ಆಡ್ತೀಯಾ?" ಎಂದರು. ಅವರೇ ಶಾಮಣ್ಣನವರು. ಹನುಮಂತನಗರದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆಗಿ, ಹತ್ತು ಹನ್ನೆರಡು ಜನರ ಹವ್ಯಾಸಿ ನಾಟಕ ತಂಡ ಕಟ್ಟಿಕೊಂಡಿದ್ದವರು.

ನನಗೆ ಸಿಕ್ಕಿದ್ದು ಕೆಂಚವ್ವ ಎಂಬ ಮನೆಗೆಲಸದವಳ ಪಾತ್ರ. ಯಜಮಾನ ಮೈ ಹುಷಾರಿಲ್ಲವೆಂದು ಆಫೀಸಿಗೆ ರಜೆ ಹಾಕಿ ಮನೆಯಲ್ಲಿ ಇಸ್ಪೀಟಾಡುತ್ತಿದ್ದಾನೆ. ಅವನ ಮೇಲಧಿಕಾರಿಯ ಫೋನ್ ಬರುತ್ತದೆ. ಕೆಂಚವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಸಾಹೇಬ್ರು ಮನ್ಯಾಗ ಇಲ್ಲಂತ್ರೀ. ಯಾರು ಹೇಳಿದ್ರು ಅಂತೀರೇನು? ಸಾಹೇಬ್ರ ಹೇಳಾಕತ್ತಾರ್ರೀ, ಇಲ್ಲೇ ಬಾಜೂಕ ನಿಂತು." ಇಷ್ಟಕ್ಕೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಹಗಲೆಲ್ಲ ಬಚ್ಚಿಟ್ಟ ಮಾತನ್ನು ಸಂಜೆ ವೇದಿಕೆಯ ಮೇಲೆ ಬಿಚ್ಚಿದರೆ ಚಪ್ಪಾಳೆ. ಅವರು ನನ್ನ ನಟನೆಗೆ ನಗುತ್ತಿದ್ದಾರೋ, ನನ್ನ ಮಾತಿಗೆ ನಗುತ್ತಿದ್ದಾರೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೆ ಇನ್ನೂರು ಜನ ಒಟ್ಟಿಗೆ ನಕ್ಕಾಗ ಮೈಗೆ ಬಂದು ತಾಗುವ ಆ ಬಿಸಿಯಲ್ಲಿ ಇಂಥ ಪ್ರಶ್ನೆಗಳು ನಿಲ್ಲುವುದಿಲ್ಲ.

ಆ ಭಾನುವಾರ ಜಯನಗರದ ಒಂದು ಸಭಾಂಗಣದಲ್ಲಿ ನಮ್ಮ ಐದನೇ ಪ್ರದರ್ಶನ. ಫೋನಿನ ದೃಶ್ಯ ಎಷ್ಟು ಚೆನ್ನಾಗಿ ಏರಿತ್ತೆಂದರೆ, ನಾನು ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸಿಬಿಟ್ಟೆ. ಫೋನಿನಲ್ಲಿರುವ ಅಧಿಕಾರಿಗೆ ಕೆಂಚವ್ವ, "ಈ ಹೊತ್ತಿನ ತನಕ ಉಂಡಿಲ್ಲೇನ್ರಿ? ಅಯ್ಯ ಶಿವನ! ಬರ್ರಿ, ಬಿಸಿ ರೊಟ್ಟಿ ಬಡದು ಒಂದು ಮುಟಗಿ ಮಾಡಿ ಕೊಡ್ತೇನಿ. ತಿಂದು, ಆಮ್ಯಾಲ ಬೈರಿ ನಮ್ಮ ಸಾಹೇಬ್ರಿಗೆ" ಎಂದಳು.

ಎಲ್ಲರೂ ನಕ್ಕರು. ಎಲ್ಲರ ನಗು ಇಳಿದ ಮೇಲೂ ಮೂರನೇ ಸಾಲಿನಲ್ಲಿ ಒಬ್ಬರ ನಗು ನಿಲ್ಲಲಿಲ್ಲ. ವಯಸ್ಸಾದ ಗಂಡಸಿನ ದನಿ. ಉಸಿರು ಎಳೆದುಕೊಂಡು, ಕೀರಲಾಗಿ, ತಡೆಯಲಾರದೆ ನಗುತ್ತಿದ್ದರು. ಆ ನಗುವಿಗೆ ಬೇರೆಯವರು ಮತ್ತೆ ನಗತೊಡಗಿದರು. ಒಂದು ಒಳ್ಳೆಯ ನಗು ಸಿಕ್ಕಿತೆಂದರೆ ಅದನ್ನು ಇನ್ನೊಂದು ಸಲ ಹಿಂಡುವ ದುರಾಸೆ ನಟರಿಗೆ ಇದ್ದೇ ಇರುತ್ತದೆ. ನಾನು ಕಾದೆ. ಆ ದಿಕ್ಕಿಗೆ ತಿರುಗಿ, ಬೇಕೆಂದೇ, ಎಳೆದು ಹೇಳಿದೆ: "ಮುಟಗೀ ರೀ, ಮುಟಗೀ!"

ನಗು ಇನ್ನೂ ಮೇಲೇರಿ, ಫಕ್ಕನೆ ನಿಂತಿತು. ಕುರ್ಚಿ ಜರುಗಿದ ಸದ್ದು. ಹೆಂಗಸೊಬ್ಬರು "ರೀ... ರೀ..." ಎಂದರು. ಮೊದಲು ಮೆಲ್ಲಗೆ, ಆಮೇಲೆ ಚೀರಿ. ಅದನ್ನೂ ನಾಟಕದ ಭಾಗವೆಂದು ತಿಳಿದು ಹಿಂದಿನ ಸಾಲಿನವರು ನಗುತ್ತಲೇ ಇದ್ದರು. ದೀಪ ಹಾಕಿದಾಗ ನಾಲ್ಕು ಜನ ಅವರನ್ನು ಹೊತ್ತು ಬಾಗಿಲ ಕಡೆ ಓಡುತ್ತಿದ್ದರು. ನನಗೆ ಕಂಡದ್ದು ಕೆಳಗೆ ತೂಗಾಡುತ್ತಿದ್ದ ಒಂದು ಕೈ, ಅದರಲ್ಲಿ ಹಳೆಯ ಗಡಿಯಾರ. ನನ್ನ ಕೈಯಲ್ಲಿ ಇನ್ನೂ ಫೋನಿನ ರಿಸೀವರ್ ಇತ್ತು.

ಮರುದಿನ ಶಾಮಣ್ಣನವರು ಆಫೀಸಿಗೆ ಬಂದು ಹೇಳಿದರು. "ಪ್ರಾಣೇಶ್ ರಾವ್ ಅಂತ. ಆಸ್ಪತ್ರೆ ಮುಟ್ಟೋ ಹೊತ್ತಿಗೇ ಮುಗಿದಿತ್ತಂತೆ. ಮೊದಲೇ ಹಾರ್ಟ್ ತೊಂದ್ರೆ ಇತ್ತು ಕಣಮ್ಮ. ಎಲ್ಲಿದ್ರೂ ಆಗೋದೇ ಅಂತ ಡಾಕ್ಟ್ರೇ ಹೇಳಿದಾರೆ. ನೀನು ತಲೆಗೆ ಹಚ್ಕೋಬೇಡ."

ತಲೆಗೆ ಹಚ್ಚಿಕೊಳ್ಳಲಿಲ್ಲ. ಅದು ಎದೆಯಲ್ಲಿ ಹೋಗಿ ಕೂತಿತು. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ಜೋರಾಗಿ ನಕ್ಕರೆ ನನ್ನ ಅಂಗೈ ಬೆವರುತ್ತಿತ್ತು. ಟಿವಿ ನೋಡುತ್ತ ಸಂಗಮೇಶ ನಗುವಾಗ, ಆ ನಗು ಮುಗಿದು ಮುಂದಿನ ಉಸಿರು ಬರುವ ತನಕ ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ಏನಾತು? ಹಿಂಗ್ಯಾಕ ನೋಡ್ತಿ?" ಎಂದು ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದೆ. ಬನಶಂಕರಿಯಲ್ಲಿ ಮುಂದಿನ ಪ್ರದರ್ಶನವಿತ್ತು. ಕತ್ತಲಲ್ಲಿ ಯಾರೋ ಕೆಮ್ಮಿದರು. ಅಷ್ಟೇ. ಜನ ನಗಲು ಬಿಡುವು ಕೊಡಬೇಕಾದ ಕಡೆಯಲ್ಲೆಲ್ಲ ನಾನು ಮಾತನ್ನು ಒಂದರ ಮೇಲೊಂದು ಪೇರಿಸಿ, ಯಾರೂ ನಗದ ಹಾಗೆ ನೋಡಿಕೊಂಡು ಆ ದೃಶ್ಯ ಮುಗಿಸಿದೆ. ಒಳಗೆ ಬಂದು ಕೆಂಚವ್ವನ ಸೀರೆ ಮಡಚಿಟ್ಟು, ಶಾಮಣ್ಣನವರಿಗೆ "ನನ್ನ ಕೈಲಾಗಲ್ಲ ಸಾರ್" ಎಂದೆ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಆಫೀಸಿಗೆ ಫೋನ್ ಬಂತು.

"ರಾಜಶ್ರೀ ಅನ್ನೋರು ಇದಾರಾ?"

"ನಾನೇ. ಹೇಳಿ ಮೇಡಂ."

"ನಾನು ಸೀತಾಲಕ್ಷ್ಮಿ. ಪ್ರಾಣೇಶ್ ರಾವ್ ಅವರ ಮನೆಯವರು. ಶಾಮಣ್ಣನವರು ಈ ನಂಬರ್ ಕೊಟ್ರು. ಶನಿವಾರ ಮಧ್ಯಾಹ್ನ ನಮ್ಮನೆಗೆ ಬರ್ತೀರಾ? ನಿಮ್ಮನ್ನ ಒಂದು ಕೇಳ್ಬೇಕು."

ವಿಳಾಸ ಬರೆದುಕೊಂಡೆ. ಮನೆಗೆ ಬಂದು ಹೇಳಿದಾಗ ಸಂಗಮೇಶ ಟಿವಿ ಆರಿಸಿದರು. "ಬೈದ್ರ ಬೈಸ್ಕೊಂಡು ಬಾ. ಹೋಗಲಿಲ್ಲಂದ್ರ ನಿನಗ ನಿದ್ದಿ ಬರೂದಿಲ್ಲ. ನಾನೂ ಬರ್ತೇನಿ ನಡಿ" ಎಂದರು. ಆ ಮೂರು ದಿನ ನಾನು ಮನಸ್ಸಿನಲ್ಲಿ ಆ ಹೆಂಗಸಿನ ಬಾಯಿಂದ ಏನೇನೆಲ್ಲ ಅನ್ನಿಸಿಕೊಂಡೆ. ನಿನ್ನ ತಮಾಷೆ ನನ್ನ ಗಂಡನನ್ನು ತಿಂದಿತು. ನಿಲ್ಲಿಸಬಾರದಿತ್ತೇ. ಎರಡನೇ ಸಲ ಯಾಕೆ ಹೇಳಿದೆ.

ಮನೆ ಜಯನಗರದ ಟಿ ಬ್ಲಾಕಿನಲ್ಲಿತ್ತು. ಮುಂದೆ ಪಾರಿಜಾತದ ಗಿಡ, ಕೆಂಪು ನೆಲದ ವರಾಂಡ. ಸಂಗಮೇಶ ಗೇಟಿನ ಹೊರಗೇ ನಿಂತರು. ಬಾಗಿಲು ತೆರೆದ ಸೀತಾಲಕ್ಷ್ಮಿಯವರಿಗೆ ಅರವತ್ತು ದಾಟಿತ್ತು. ಸಣ್ಣ ದೇಹ, ಕನ್ನಡಕ. ಹಾಲ್‌ನಲ್ಲಿ ಮಾಲೆ ಹಾಕಿದ ಫೋಟೋ. ಅದರಲ್ಲಿ ಪ್ರಾಣೇಶ್ ರಾವ್ ನಗುತ್ತಿರಲಿಲ್ಲ. ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ಕೂತ್ಕೊಳ್ಳಿ. ಕಾಫಿ ಕುಡೀತೀರಾ?"

"ಬೇಡ ಮೇಡಂ."

ಅವರು ಎದುರಿಗೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವತ್ತು ನಾನು ಪಕ್ಕದಲ್ಲೇ ಇದ್ದೆ. ನಾನೂ ನಗ್ತಾ ಇದ್ದೆ. ಅವರು ನನ್ನ ಕೈ ಹಿಡ್ಕೊಂಡು ಏನೋ ಒಂದು ಮಾತು ಅಂದ್ರು. ಆ ಗಲಾಟೇಲಿ ಸರಿಯಾಗಿ ಕೇಳಿಸ್ಲಿಲ್ಲ. ‘ಆಮೇಲೆ ಹೇಳಿ’ ಅಂದೆ."

ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಕನ್ನಡದ್ದೇ ಮಾತು, ಆದ್ರೆ ನಂಗೆ ಗೊತ್ತಿಲ್ದೇ ಇರೋದು. ನೀವು ಹೇಳಿದ್ದನ್ನೇ ತಿರುಗಿ ಹೇಳಿರ್ಬೇಕು ಅನ್ಸತ್ತೆ. ಎರಡು ತಿಂಗಳಾಯ್ತು ನೆನಪಿಗೆ ಬರ್ತಿಲ್ಲ. ಆ ಫೋನಿನ ಸೀನು ಒಂದ್ಸಲ ಮಾಡಿ ತೋರಿಸ್ತೀರಾ? ಅದು ಬಂದ ಕೂಡ್ಲೇ ಗೊತ್ತಾಗತ್ತೆ ನಂಗೆ."

ಬೈಗುಳಕ್ಕೆ ತಯಾರಾಗಿ ಹೋದವಳು ಎದ್ದು ನಿಂತೆ. ಮೂಲೆಯಲ್ಲಿದ್ದ ಅವರ ಫೋನಿನ ರಿಸೀವರನ್ನೇ ಎತ್ತಿಕೊಂಡೆ. ಕಿವಿಯಲ್ಲಿ ಡಯಲ್ ಟೋನ್ ಗುಂಯ್‌ಗುಟ್ಟುತ್ತಿತ್ತು. ಹಗಲು ಬೆಳಕಿನಲ್ಲಿ, ಫೋಟೋದ ಎದುರು, ನಾನು ಕೆಂಚವ್ವನಾದೆ.

ಅಂಥ ಭಯವನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ. ಇವರು ನಕ್ಕುಬಿಟ್ಟರೆ? ಇವರಿಗೂ ವಯಸ್ಸಾಗಿದೆ. ಮನೆಯಲ್ಲಿ ಬೇರೆ ಯಾರೂ ಇದ್ದಂತಿಲ್ಲ. ಆದರೆ ಅವರು ನಗಲಿಲ್ಲ. ಪರೀಕ್ಷೆಯ ಪ್ರಶ್ನೆ ಕೇಳಿಸಿಕೊಳ್ಳುವವರ ಹಾಗೆ ಕುತ್ತಿಗೆ ಮುಂದೆ ಚಾಚಿ ಒಂದೊಂದೇ ಶಬ್ದವನ್ನು ಕೇಳುತ್ತಿದ್ದರು. ‘ಸಾಹೇಬ್ರ ಹೇಳಾಕತ್ತಾರ್ರೀ’ ಆಯಿತು. ನಗುವಿಗೆಂದು ಬಿಟ್ಟ ಜಾಗಗಳೆಲ್ಲ ಖಾಲಿ ಉಳಿದವು. ಫ್ಯಾನಿನ ಸದ್ದು ಮಾತ್ರ. ಮುಂದೆ ನಾನೇ ಸೇರಿಸಿದ್ದ ಮಾತು ಬರಬೇಕಿತ್ತು. ಅದನ್ನು ಹಾರಿಸಿ, ಪುಸ್ತಕದಲ್ಲಿದ್ದಷ್ಟೇ ಹೇಳಿ ರಿಸೀವರ್ ಇಟ್ಟೆ.

"ಇಷ್ಟೇನಾ?" ಎಂದರು.

ತಲೆಯಾಡಿಸಿದೆ.

"ಇಲ್ಲ. ಇನ್ನೇನೋ ಇತ್ತು. ಅದನ್ನ ನೀವು ಎರಡು ಸಲ ಹೇಳಿದ್ರಿ."

ಅಲ್ಲೇ ನೆಲದ ಮೇಲೆ ಕುಳಿತೆ. "ತಪ್ಪಾತ್ರೀ," ಎಂದೆ. ಬೆಂಗಳೂರಿನ ಮಾತು ನಾಲಿಗೆಯಿಂದ ಪೂರಾ ಕಳಚಿಹೋಗಿತ್ತು. "ಅದು ನಾಟಕದಾಗ ಇರಲಿಲ್ರೀ. ನಾನ ಸೇರ್ಸಿದ್ದೆ. ಅವರು ನಗಾಕತ್ತಿದ್ರು, ಇನ್ನಷ್ಟು ನಗ್ಲಿ ಅಂತ ಮತ್ತೊಮ್ಮೆ ಅಂದೆ. ನನಗ ಗೊತ್ತಿರಲಿಲ್ರೀ."

"ಏನದು ಮಾತು?"

"ಮುಟಗಿ."

ಅವರು ತುಟಿ ಅಲುಗಿಸಿ ಸದ್ದಿಲ್ಲದೆ ಒಮ್ಮೆ ಹೇಳಿಕೊಂಡರು. ಆಮೇಲೆ ಗಟ್ಟಿಯಾಗಿ. "ಮುಟಗಿ. ಹೌದು, ಅದೇ." ಬೆನ್ನು ಕುರ್ಚಿಗೆ ಆನಿಸಿ ಕಣ್ಣು ಮುಚ್ಚಿದರು. "ಏನು ಹಾಗಂದ್ರೆ?"

ಹೇಳಿದೆ. ಹಂಚಿನ ಮೇಲಿಂದ ತೆಗೆದ ಬಿಸಿ ಜೋಳದ ರೊಟ್ಟಿಯನ್ನು ಆರುವ ಮೊದಲೇ ಮುರಿದು, ಉಪ್ಪು, ಖಾರ, ಎಣ್ಣೆ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಕೊಡುತ್ತಾರೆ. ಒಲೆಯ ಮುಂದೆ ಕೂತ ಮಕ್ಕಳು ಅಲ್ಲೇ ತಿನ್ನುತ್ತಾರೆ. ನಮ್ಮ ಕಡೆ ಅವ್ವನ ಕೈ ಎಂದರೆ ಅದೇ ನೆನಪು.

"ಅವರದು ಗದಗದ ಕಡೆ, ರೋಣದ ಹತ್ರ ಒಂದು ಹಳ್ಳಿ," ಎಂದರು ಸೀತಾಲಕ್ಷ್ಮಿ, ಕಣ್ಣು ತೆರೆಯದೆ. "ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೋರು. ಮದುವೆ ಆದ ಹೊಸದ್ರಲ್ಲಿ ನಿಮ್ಮ ಥರಾನೇ ಮಾತಾಡೋರು. ನಮ್ಮ ಅಣ್ಣಂದಿರು ಊಟಕ್ಕೆ ಕೂತಾಗೆಲ್ಲ ಅಣಕಿಸೋರು. ಎಲ್ರೂ ನಗೋರು. ನಾನೂ ನಗ್ತಿದ್ದೆ. ಆರು ತಿಂಗಳಲ್ಲಿ ನಮ್ಮ ಥರ ಮಾತಾಡೋಕೆ ಶುರು ಮಾಡಿದ್ರು. ಮೂವತ್ತೆಂಟು ವರ್ಷ. ಒಂದು ದಿನಾನೂ ಈ ತಿಂಡಿ ಬೇಕು ಅಂತ ಕೇಳ್ಲಿಲ್ಲ."

ನಾನು ಫೋಟೋದ ಕಡೆ ನೋಡಿದೆ.

"ಅವತ್ತು ಅವರ ಕಣ್ಣಲ್ಲಿ ನೀರು ಸುರೀತಿತ್ತು. ನಗ್ತಾ ಇದಾರೆ ಅಂತಲೇ ಅಂದ್ಕೊಂಡೆ." ಕಣ್ಣು ತೆರೆದು ನನ್ನನ್ನೇ ನೋಡಿದರು. "ನಗ್ತಿದ್ರಾ, ಅಳ್ತಿದ್ರಾ? ನಿಮಗೇನಾದ್ರೂ ಗೊತ್ತಾಯ್ತಾ ಅಲ್ಲಿಂದ?"

"ಇಲ್ರೀ. ಅಲ್ಲಿಂದ ಏನೂ ಕಾಣೂದಿಲ್ಲ. ಬರೇ ದನಿ ಕೇಳ್ತದ."

"ನಿಮಗೆ ಮಾಡೋಕೆ ಬರತ್ತಾ ಅದು?"

"ಬರತೈತ್ರೀ. ಹಿಟ್ಟಿದ್ರ ಈಗ..."

"ಬೇಡ," ಎಂದರು. "ಇವತ್ತು ಬೇಡ." ಗೇಟಿನ ತನಕ ಬಂದರು. ಹೊರಗೆ ನಿಂತಿದ್ದ ಸಂಗಮೇಶನನ್ನು ಕಂಡು, "ಅಯ್ಯೋ, ಒಳಗೆ ಕರ್ಕೊಂಡು ಬರಬಾರದಿತ್ತೇನಮ್ಮ?" ಎಂದು ನನ್ನನ್ನು ಗದರಿದರು. ಕ್ಷಮಿಸಿದೆ ಎಂದಾಗಲಿ, ನಿನ್ನದೇನೂ ತಪ್ಪಿಲ್ಲ ಎಂದಾಗಲಿ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಶಾಮಣ್ಣನವರ ಮನೆಗೆ ಹೋಗಿ, ಮತ್ತೆ ಮಾಡುತ್ತೇನೆ, ಆದರೆ ಜನ ಕೂರುವ ಕಡೆ ಪೂರ್ತಿ ಕತ್ತಲು ಮಾಡಬಾರದು ಎಂದೆ.

"ಪ್ರೇಕ್ಷಕರಿಗೆ ಮುಜುಗರ ಆಗತ್ತೆ ಕಣಮ್ಮ. ಬೆಳಕಿದ್ರೆ ಮನಸ್ಸು ಬಿಚ್ಚಿ ನಗಲ್ಲ ಅವರು."

"ಸ್ವಲ್ಪ ಕಡಿಮೆ ನಗಲಿ ಸಾರ್. ನಂಗೆ ಮುಖ ಕಾಣ್ಬೇಕು."

ಗೊಣಗುತ್ತಲೇ ಒಪ್ಪಿದರು. ಜೆ.ಪಿ. ನಗರದ ಪ್ರದರ್ಶನಕ್ಕೆ ಗೋಡೆಯ ಬದಿಯ ಎರಡು ದೀಪ ಉಳಿಸಿದರು. ಪರದೆ ಸರಿದಾಗ ಭಯವಾಯಿತು, ಇವತ್ತಿಗೂ ಆಗುತ್ತದೆ. ಮೊದಲ ಸಲ ನನ್ನೆದುರು ನಗುವವರನ್ನು ನೋಡಿದೆ. ಒಬ್ಬರು ಹೆಂಡತಿಯ ಭುಜ ತಟ್ಟುತ್ತಿದ್ದರು, ಒಬ್ಬರು ಬಾಯಿಗೆ ಕರ್ಚೀಫು ಒತ್ತಿ ಹಿಡಿದಿದ್ದರು. ಕೆಲವರು ನಗುವಾಗ ನೋವಾದವರಂತೆ ಮುಖ ಕಿವುಚುತ್ತಾರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ರೊಟ್ಟಿಯ ಮಾತು ಬಂದಾಗ ಮುಟಗಿ ಎಂದೆ, ಒಂದೇ ಸಲ. ಎರಡನೇ ಸಾಲಿನಲ್ಲಿ ಹಸಿರು ಸೀರೆಯ ಹೆಂಗಸೊಬ್ಬರು ಬಗ್ಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ನಾನು ರಿಸೀವರ್ ಹಿಡಿದು ಹಾಗೇ ನಿಂತೆ. ಪರದೆಯ ಮರೆಯಿಂದ ಶಾಮಣ್ಣನವರು ಮುಂದಿನ ಮಾತು ಪಿಸುಗುಟ್ಟಿದರು, ನಾನು ಮರೆತೆ ಎಂದುಕೊಂಡು. ಆ ಹೆಂಗಸು ತಲೆ ಎತ್ತಿ, ಕಣ್ಣೊರೆಸಿಕೊಂಡು, ದೀರ್ಘವಾಗಿ ಉಸಿರು ಬಿಟ್ಟ ಮೇಲೆ ಮುಂದಿನ ಮಾತು ಹೇಳಿದೆ.